ಮಗ್ಗದ ಮನೆಯ ಓದುಗಾರ್ತಿ

ಬೆಳಗಿನ ಬಾಂಗು ಮುಗಿದು ಹೆಚ್ಚು ಹೊತ್ತಾಗಿಲ್ಲ. ಗಫ್ಸಾ ಊರಿನ ಹಳೇ ಕೋಟೆಯ ಹಿಂದಿನ ಓಣಿಯಲ್ಲಿ, ಅಂಗಳದ ಮೂಲೆಯ ಮಣ್ಣಿನ ಒಲೆಗೆ ಬಾಗಿ ವಸೀಲಾ ರೊಟ್ಟಿ ಬಡಿಯುತ್ತಿದ್ದಾರೆ. ಒಲೆ ಎಂದರೆ ಸೊಂಟದೆತ್ತರದ ಹಂಡೆಯಂಥದ್ದು. ತಳದಲ್ಲಿ ಕೆಂಡ, ಮೇಲೆ ತೆರೆದ ಬಾಯಿ. ಕೈಯನ್ನು ನೀರಿಗದ್ದಿ, ಹಿಟ್ಟನ್ನು ಅಂಗೈಯಲ್ಲಿ ಅಗಲಿಸಿ, ಮೊಣಕೈವರೆಗೂ ಒಳಗಿಳಿಸಿ ಬಿಸಿ ಗೋಡೆಗೆ ಫಟ್ಟನೆ ಅಂಟಿಸಬೇಕು. ಕಣ್ಣಿಗೆ ಪೊರೆ ಬಂದ ಮೇಲೆ ವಸೀಲಾ ಇದನ್ನು ನೋಡಿ ಮಾಡುವುದಿಲ್ಲ. ಮಣಿಕಟ್ಟಿಗೆ ತಾಗುವ ಬಿಸಿಯಲ್ಲೇ ಗೋಡೆ ಎಷ್ಟು ದೂರ ಎಂದು ಅಂದಾಜು ಮಾಡುತ್ತಾರೆ.

ಮೂರನೆಯ ರೊಟ್ಟಿ ಕೈಯಲ್ಲಿರುವಾಗ ಬೀದಿಬಾಗಿಲು ಬಡಿಯುತ್ತದೆ.

"ವಸೀಲಾ! ಎದ್ದಿದ್ದೀಯೇನೇ?"

"ಇಲ್ಲ ಕಣೇ, ನಿದ್ದೆಗಣ್ಣಲ್ಲೇ ರೊಟ್ಟಿ ಸುಡ್ತಿದ್ದೀನಿ. ಬಾ ಒಳಗೆ."

ಬಂದವರು ಶೆದ್ಲಿಯಾ. ವಸೀಲಾರ ಓರಗೆಯವರು, ಅದೇ ಓಣಿಯ ಕೊನೆಯ ಮನೆಯವರು, ಮಗ್ಗದ ಮನೆಯಲ್ಲಿ ಎಲ್ಲರಿಗಿಂತ ಹಿರಿಯ ನೇಯ್ಗೆಗಾರ್ತಿ. ತಲೆವಸ್ತ್ರದ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡೇ ಮಾತಾಡುತ್ತಾರೆ. ಇವತ್ತು ಭಾನುವಾರ. ಮೂರು ತಿಂಗಳಿಂದ ನೇಯುತ್ತಿದ್ದ ದೊಡ್ಡ ಜಮಖಾನವನ್ನು ಮಗ್ಗದಿಂದ ಇಳಿಸುವ ದಿನ.

"ಹೆಂಗಸರೆಲ್ಲ ಒಂದೇ ಹಟ ಹಿಡಿದಿದ್ದಾರೆ. ಇಳಿಸೋಕೆ ಮುಂಚೆ ಬಾಗಿಲಿನ ಪುಸ್ತಕ ಓದಿಸ್ಬೇಕಂತೆ. ಪೂರ್ತಿ ಬೇಡ, ಕೊನೇ ಅಧ್ಯಾಯ ಸಾಕು."

"ಆ ಪುಸ್ತಕ ಕಳೆದೋಯ್ತು ಅಂತ ಎಷ್ಟು ಸಲ ಹೇಳ್ಲಿ ಶೆದ್ಲಿಯಾ?"

"ಕಳೆದೋಗಿದ್ದು ನಿನ್ನದು. ನಿನ್ನ ಮೊಮ್ಮಗಳು ಶಾಲೆಯಿಂದ ಇನ್ನೊಂದು ತಂದಿದ್ದಾಳಂತಲ್ಲ! ಹೊಸಾ ಪುಸ್ತಕ, ರಟ್ಟು ಸಮೇತ. ತುರ್ಕಿಯ್ಯಾ ಕಣ್ಣಾರೆ ನೋಡಿದ್ಲಂತೆ. ನೀನು ಓದೋದು ಬೇಡ ಮಾರಾಯ್ತಿ, ಮಗು ಓದ್ಲಿ."

ವಸೀಲಾರ ಕೈಯಲ್ಲಿದ್ದ ರೊಟ್ಟಿ ಗೋಡೆ ಸೇರದೆ ಕೆಂಡಕ್ಕೆ ಬೀಳುತ್ತದೆ. ಹಿಟ್ಟು ಕರಕಲಾಗುವ ವಾಸನೆ ಅಂಗಳ ತುಂಬುತ್ತದೆ. "ನೋಡಿದ್ಯಾ, ನಿನ್ನ ಮಾತಿಗೆ ಒಂದು ರೊಟ್ಟಿ ಹೋಯ್ತು," ಎಂದು ನಗಲು ನೋಡುತ್ತಾರೆ. ಮೆಟ್ಟಿಲ ಮೇಲೆ ಹುರಿದ ಜವೆಗೋಧಿಯ ಹಿಟ್ಟನ್ನು ಎಣ್ಣೆ ಸಕ್ಕರೆಯಲ್ಲಿ ಕಲಸಿಕೊಂಡು ತಿನ್ನುತ್ತಿರುವ ಮೊಮ್ಮಗಳು ಇಶ್ರಾಕ್ ತಲೆ ಎತ್ತಿ ಅಜ್ಜಿಯನ್ನೇ ನೋಡುತ್ತಾಳೆ. ಏನೋ ಕೇಳುವವಳಂತೆ ಬಾಯಿ ತೆರೆಯುತ್ತಾಳೆ. ಶೆದ್ಲಿಯಾ ಅಲ್ಲೇ ನಿಂತಿರುವುದನ್ನು ಕಂಡು ಬಟ್ಟಲಿಗೆ ಮುಖ ಬಗ್ಗಿಸುತ್ತಾಳೆ.

ಈ ಊರಿನ ಜಮಖಾನಗಳನ್ನು ನೋಡದವರಿಲ್ಲ. ಒಂಟೆ, ಮೀನು, ಕೈ ಹಿಡಿದು ನಿಂತ ಹೆಂಗಸರ ಸಾಲು, ಕೆಂಪು ಹಳದಿಯ ಚೌಕಗಳು. ಆದರೆ ಅವನ್ನು ನೇಯುವಾಗ ಆ ಕೋಣೆಯಲ್ಲಿ ಒಂದು ದನಿ ಕಾದಂಬರಿ ಓದುತ್ತಿರುತ್ತದೆ ಎಂಬುದು ಓಣಿಯಾಚೆಗೆ ಯಾರಿಗೂ ಗೊತ್ತಿಲ್ಲ. ವಸೀಲಾ ನೇಯುವುದಿಲ್ಲ. ಓದುತ್ತಾರೆ. ಮದುವೆಯಾಗಿ ಈ ಓಣಿಗೆ ಬಂದಾಗಿನಿಂದ ಅವರ ಕೆಲಸ ಅದೊಂದೇ.

ತಂದೆ ಗಣಿಯಲ್ಲಿದ್ದರು. ಗಣಿಯೂರು ಮೆತ್ಲಾವಿಯ ಶಾಲೆಯಲ್ಲಿ ವಸೀಲಾ ತರಗತಿಗೆ ಮೊದಲಿಗಳು, ಮೇಡಂ ಆಗಬೇಕೆಂಬ ಆಸೆಯಿತ್ತು. ತಂದೆಯ ಎದೆ ಗಣಿಯ ಧೂಳಿಗೆ ಕೆಟ್ಟಿತು, ಓದು ನಿಂತಿತು, ಮದುವೆಯಾಯಿತು. ಗಂಡನ ಮನೆಯ ಹೆಂಗಸರೆಲ್ಲ ಮಗ್ಗದವರು. ಇವರ ಬೆರಳಿಗೆ ಮಾತ್ರ ಹಾಸು ಹೊಕ್ಕಿನ ಲೆಕ್ಕ ಹತ್ತಲೇ ಇಲ್ಲ.

"ನಾನು ನೇಯ್ದ ಒಂಟೆಗೆ ಐದು ಕಾಲು ಬಂದಿತ್ತು," ಎಂದು ನನಗೆ ಹೇಳುತ್ತಾರೆ ವಸೀಲಾ. "ನಮ್ಮತ್ತೆ ನೋಡಿದ್ರು, ನೋಡಿದ್ರು, ಆಮೇಲೆ ಹೇಳಿದ್ರು. ಈ ಕೈಯನ್ನ ದೇವರು ಪುಸ್ತಕ ಹಿಡಿಯೋಕೆ ಮಾಡಿದ್ದು, ನೂಲು ಹಾಳು ಮಾಡೋಕಲ್ಲ. ಏನಾದ್ರೂ ಓದು, ನಾವು ಕೇಳ್ತೀವಿ, ನಿನ್ನ ಪಾಲು ನಾವೇ ನೇಯ್ತೀವಿ ಅಂತ."

ಅಂದಿನಿಂದ ಅದೇ ವಾಡಿಕೆ. ಎಲ್ಲರೂ ತಮ್ಮ ತಮ್ಮ ಕೆಲಸದ ಜೊತೆ ವಸೀಲಾರ ಪಾಲಿನ ಒಂದೊಂದು ಗೇಣನ್ನೂ ನೇಯುತ್ತಾರೆ. ವಸೀಲಾ ಕಿಟಕಿಯ ಬದಿಯ ಮಣೆಯಲ್ಲಿ ಕೂತು, ಬೆಳಕಿರುವ ತನಕ ಓದುತ್ತಿದ್ದರು, ಕಣ್ಣಿಗೆ ಪೊರೆ ಬರುವವರೆಗೂ. ಬುಧವಾರದ ಸಂತೆಯಲ್ಲಿ ಹಳೇ ಪಾತ್ರೆಗಳ ಜೊತೆ ಮಾರಾಟಕ್ಕೆ ಬರುವ ಪುಸ್ತಕ, ಊರು ಬಿಟ್ಟು ಹೋದ ಮೇಷ್ಟರ ಮನೆಯ ಪುಸ್ತಕ, ಮೊದಲ ಹಾಳೆಯಿಲ್ಲದ್ದು, ನಡುವೆ ಇಲಿ ತಿಂದದ್ದು. ಎಲ್ಲವನ್ನೂ ಓದಿದ್ದಾರೆ. ಇಲಿ ತಿಂದ ಕಡೆ ಏನಿತ್ತೆಂದು ಹೆಂಗಸರೇ ಜಗಳವಾಡಿ ತೀರ್ಮಾನಿಸುತ್ತಾರೆ.

ಮಗ್ಗದ ಮನೆಯಲ್ಲಿ ಓದುವುದು ಸುಲಭವಲ್ಲ. ಹೊಕ್ಕಿನ ನೂಲನ್ನು ಕೆಳಗೆ ಕೂರಿಸಲು ಕಬ್ಬಿಣದ ಬಾಚಣಿಗೆಯಿಂದ ಒಂದೇ ಸಮ ಬಡಿಯುತ್ತಾರೆ. ಎರಡು ಏಟುಗಳ ನಡುವೆ ದನಿ ತೂರಿಸಬೇಕು. ಕೇಳುವವರ ಮನಸ್ಸಿನಲ್ಲಿ ಏನಾಗುತ್ತಿದೆ ಎಂಬುದು ಆ ಏಟಿನಲ್ಲೇ ತಿಳಿಯುತ್ತದೆ. ಕಥೆಯೊಳಗಿನ ಗಂಡ ಹೆಂಡತಿಯನ್ನು ಬಡಿದರೆ ಇಲ್ಲಿ ಬಾಚಣಿಗೆ ಗೋಡೆ ಅದುರುವಂತೆ ಬಡಿಯುತ್ತದೆ. ಯಾರಾದರೂ ಗುಟ್ಟು ಹೇಳಲು ಹೊರಟರೆ ಕೋಣೆಯೇ ಸುಮ್ಮನಾಗುತ್ತದೆ.

"ಒಂದು ಪುಸ್ತಕದಲ್ಲಿ ಒಬ್ಬ ಮಾವ ಇದ್ದ, ಹಾಳಾದೋನು," ಎಂದು ನೆನೆಯುತ್ತಾರೆ ತುರ್ಕಿಯ್ಯಾ. ಮಗ್ಗದ ಮನೆಯಲ್ಲಿ ನಗಿಸುವ ಹೊಣೆ ಇವರದು. "ಅವನ ಮೇಲಿನ ಸಿಟ್ಟಿಗೆ ಬಡಿದೂ ಬಡಿದೂ ಆ ಜಮಖಾನದ ಒಂದು ತುದಿ ಹಲಗೆ ಹಾಗಾಗಿತ್ತು. ಕೊಂಡುಕೊಂಡ ಸಾಹೇಬ ಸವರಿ ನೋಡಿ, ಆಹಾ ಎಂಥ ಬಿಗಿ ನೇಯ್ಗೆ ಅಂದ. ಅದು ನೇಯ್ಗೆ ಅಲ್ಲ ಸ್ವಾಮಿ, ಶಾಪ ಅಂತ ಹೇಳ್ಬೇಕು ಅನ್ನಿಸ್ತು."

ಒಂದು ಪುಸ್ತಕ ಮುಗಿದರೆ ಅದರದ್ದೊಂದು ಗುರುತು ಆ ಜಮಖಾನದಲ್ಲಿ ಇರಲೇಬೇಕು. ಒಂದು ದೋಣಿ, ಒಂದು ದೀಪ, ಒಂಟಿ ಚಪ್ಪಲಿ. ಕೊಂಡವರಿಗೆ ಅದು ಬರೀ ಚಿತ್ತಾರ. ನೇಯ್ದವರಿಗೆ ಯಾವ ಕಥೆ, ಯಾವ ಚಳಿಗಾಲ, ಆಗ ಯಾರು ಬಸುರಿಯಾಗಿದ್ದರು, ಎಲ್ಲ ನೆನಪಿದೆ.

ಜಮಖಾನ ಇಳಿಸುವ ದಿನದ ಕಟ್ಟುಪಾಡೇ ಬೇರೆ. ಮಗ್ಗದ ಮೇಲಿರುವಷ್ಟು ದಿನ ಅದಕ್ಕೆ ಜೀವ ಇದೆ ಎಂದು ಇಲ್ಲಿನ ನಂಬಿಕೆ. ಹಾಸು ಕತ್ತರಿಸುವುದೆಂದರೆ ಆ ಜೀವ ಕಳಿಸಿಕೊಟ್ಟಂತೆ. ಆದ್ದರಿಂದ ಸಾಯುವವರ ಬಾಯಿಗೆ ಬಿಡುವಂತೆ ನೂಲಿಗೆ ನೀರು ಚಿಮುಕಿಸುತ್ತಾರೆ, ಕಲಿಮಾ ಹೇಳುತ್ತಾರೆ, ಆಮೇಲೆ ಹಿರಿಯವಳು ಚಾಕು ಹಾಕುತ್ತಾಳೆ. ಆ ದಿನ ಮಗ್ಗದ ಮುಂದೆ ಇನ್ನೊಂದು ಸಾವಿನ ಮಾತು ಆಡುವಂತಿಲ್ಲ. ಒಂದೇ ಸೂರಿನಡಿ ಒಂದೇ ದಿನ ಎರಡು ಸಾವಾದರೆ ಮೂರನೆಯದು ನೇಯ್ದವರ ಮನೆಗೆ ಬರುತ್ತದಂತೆ.

ವಸೀಲಾರ ಬದುಕಿನ ಮುಳ್ಳು ಇರುವುದು ಇಲ್ಲೇ.

ಸುಮಾರು ಹತ್ತು ವರ್ಷದ ಹಿಂದೆ ಸಂತೆಯಲ್ಲಿ ಅವರಿಗೆ ರಟ್ಟು ಹರಿದ ಒಂದು ಕಾದಂಬರಿ ಸಿಕ್ಕಿತು. ಬೆಟ್ಟದ ಹಳ್ಳಿಯ ಹುಡುಗಿಯೊಬ್ಬಳು ತಾಯಿಯ ಮಾತು ಮೀರಿ ಬಂದರಿನ ಊರಿನವನನ್ನು ಮದುವೆಯಾಗಿ ಹೊರಟುಹೋಗುವ ಕಥೆ. ತಾಯಿ ಬಾಗಿಲು ಹಾಕಿಕೊಂಡು ಕೂರುತ್ತಾಳೆ. ಆ ಬಾಗಿಲಿನ ಮಾತು ಹಾಳೆಹಾಳೆಗೂ ಬರುವುದರಿಂದ ಹೆಂಗಸರು ಅದಕ್ಕೆ ಬಾಗಿಲಿನ ಪುಸ್ತಕ ಎಂದೇ ಹೆಸರಿಟ್ಟರು. ದಿನಾ ಒಂದಿಷ್ಟು ಓದು. ದಿನಾ ಜಗಳ. ತಾಯಿಯದೇ ತಪ್ಪೆಂದು ಒಂದು ಗುಂಪು, ಮಗಳದೇ ಎಂದು ಇನ್ನೊಂದು. ಶೆದ್ಲಿಯಾ ಮಾತ್ರ ಯಾವ ಕಡೆಗೂ ಸೇರದೆ ತಲೆ ಬಗ್ಗಿಸಿ ನೇಯುತ್ತಿದ್ದರು. ಅದರ ಹಿಂದಿನ ಚಳಿಗಾಲದಲ್ಲಷ್ಟೇ ಅವರ ಒಬ್ಬಳೇ ಮಗಳು ಮುನಿಯಾ, ಅಪ್ಪನ ಆಣೆ ಮೀರಿ, ಕಡಲ ದಂಡೆಯ ಸ್ಫಾಕ್ಸಿನ ಮೀನುಮಾರುಕಟ್ಟೆಯ ಹುಡುಗನ ಜೊತೆ ಹೋಗಿದ್ದಳು.

ಕೊನೆಯ ಅಧ್ಯಾಯಕ್ಕೂ ಜಮಖಾನ ಇಳಿಸುವುದಕ್ಕೂ ಒಂದೇ ದಿನ ಬಂತು. ವಸೀಲಾ ಮುಂಚಿತವಾಗಿ ಓದಿ ಇಟ್ಟುಕೊಳ್ಳುವವರಲ್ಲ, ಎಲ್ಲರ ಜೊತೆ ತಾವೂ ಮೊದಲ ಸಲ ಕೇಳುವುದೇ ಅವರಿಗೆ ಇಷ್ಟ. ಓದುತ್ತ ಓದುತ್ತ ಕಣ್ಣು ಎರಡು ಸಾಲು ಮುಂದೆ ಓಡಿತು. ಬಂದರಿನ ಊರಿನಲ್ಲಿ ಮಗಳು ಜ್ವರದಲ್ಲಿ ಮಲಗಿದ್ದಾಳೆ. ಅಮ್ಮ ಒಂದು ಸಲ ಬಂದು ಕರೆದರೆ ಸಾಕು ಎನ್ನುತ್ತಾಳೆ. ಬೆಟ್ಟದ ಹಳ್ಳಿಯಲ್ಲಿ ತಾಯಿ, ಮೊದಲು ಅವಳೇ ಬರಲಿ, ಎನ್ನುತ್ತಾಳೆ. ಇಬ್ಬರೂ ಕಾಯುತ್ತಾರೆ. ಮಗಳು ಸಾಯುತ್ತಾಳೆ. ತಾಯಿ ಕೊನೆಗೆ ಬಾಗಿಲು ತೆರೆಯುವುದು ಸಾವಿನ ಸುದ್ದಿ ತಂದವರಿಗೆ.

ಮಗ್ಗದ ಪಕ್ಕದಲ್ಲಿ ನೀರಿನ ಬಟ್ಟಲು ಸಿದ್ಧವಾಗಿತ್ತು. ಹೆಂಗಸರು ಬಾಚಣಿಗೆ ಕೆಳಗಿಟ್ಟು ಕಾಯುತ್ತಿದ್ದರು.

"ನನ್ನ ನಾಲಿಗೆ ನಿಂತಿತು," ಎನ್ನುತ್ತಾರೆ ವಸೀಲಾ. "ಜಮಖಾನ ಇಳಿಸೋ ದಿನ ಸಾವು ಓದೋ ಹಾಗಿಲ್ಲ. ಎದುರಿಗೆ ಶೆದ್ಲಿಯಾ ಬೇರೆ. ಹಾಳೆ ನೋಡ್ತಾನೇ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಬೆಳಗಾಗೋ ಹೊತ್ತಿಗೆ ಮಗಳು ಬಂದಳು, ಬಾಗಿಲು ತಳ್ಳಿದಳು, ಚಿಲಕ ಹಾಕಿರಲಿಲ್ಲ, ಒಳಗೆ ಬಂದು ಒಲೆ ಮುಂದೆ ಕೂತು, ಅಮ್ಮಾ ರೊಟ್ಟಿ ಇದೆಯಾ ಅಂತ ಕೇಳಿದಳು ಅಂತ. ಓದಿದ ಹಾಗೇ ಹೇಳಿದೆ. ಒಬ್ಬರಿಗೂ ಗೊತ್ತಾಗಲಿಲ್ಲ."

ಕೋಣೆಯೆಲ್ಲ ಅತ್ತಿತು. ಖುಷಿಗೆ ಅತ್ತಿತು. ತುರ್ಕಿಯ್ಯಾ ನಾಲಿಗೆ ತಿರುಗಿಸಿ ಮದುವೆಮನೆಯ ಹಾಗೆ ಕೇಕೆ ಹಾಕಿದರು. ಶೆದ್ಲಿಯಾ ನೀರು ಚಿಮುಕಿಸಿದರು, ಚಾಕು ಹಾಕಿದರು.

ನಾಳೆ ನಿಜ ಹೇಳಿದರಾಯಿತು ಎಂದುಕೊಂಡಿದ್ದರು ವಸೀಲಾ. ಮರುದಿನ ಹೋದಾಗ ಶೆದ್ಲಿಯಾ ತಮ್ಮ ಮನೆಯ ಚಿಕ್ಕ ಮಗ್ಗಕ್ಕೆ ಹೊಸ ಹಾಸು ಕಟ್ಟುತ್ತಿದ್ದರು. ಮಗಳು ಹೋದ ಮೇಲೆ ಅವರ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು. "ಬಾ ವಸೀಲಾ, ಆ ಬಾಗಿಲು ನೇಯ್ತಿದ್ದೀನಿ. ಮಾರೋಕಲ್ಲ. ರಾತ್ರಿ ನಾನೂ ಚಿಲಕ ಹಾಕಲಿಲ್ಲ ನೋಡು," ಎಂದರು. ನಿಜ ಹೇಳಲು ಹೋದ ವಸೀಲಾ ನೂಲಿನ ಉಂಡೆ ಹಿಡಿದುಕೊಟ್ಟು ಮನೆಗೆ ಬಂದರು. ಹೇಳದೆ ಒಂದು ವಾರವಾಯಿತು, ಒಂದು ರಂಜಾನ್ ಹೋಯಿತು, ಶೆದ್ಲಿಯಾರ ಗಂಡ ತೀರಿಕೊಂಡರು. ಆಮೇಲೆ ಹೇಳುವುದಕ್ಕೆ ಜಾಗವೇ ಉಳಿಯಲಿಲ್ಲ. ವಸೀಲಾ ಆ ಪುಸ್ತಕವನ್ನು ಬುಧವಾರದ ಸಂತೆಗೇ ವಾಪಸು ಕೊಟ್ಟು, ಕಳೆದುಹೋಯಿತು ಎಂದರು.

ಶೆದ್ಲಿಯಾರ ಮನೆಯ ಬಾಗಿಲಿಗೆ ಅಂದಿನಿಂದ ಚಿಲಕವಿಲ್ಲ. ದಿನಾ ಒಂದು ರೊಟ್ಟಿ ಹೆಚ್ಚು ಸುಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದನ್ನು ನೆರೆಯ ಮಕ್ಕಳಿಗೆ ಕೊಡುತ್ತಾರೆ. ಸ್ಫಾಕ್ಸಿಗೆ ದಿನಕ್ಕೆ ಎಷ್ಟೋ ವ್ಯಾನುಗಳು ಹೋಗುತ್ತವೆ, ನಸುಕಿಗೆ ಹೊರಟರೆ ಊಟದ ಹೊತ್ತಿಗೆ ಮಗಳ ಮನೆ. ಯಾರಾದರೂ ಆ ಮಾತೆತ್ತಿದರೆ ಶೆದ್ಲಿಯಾ, "ಬರ್ತಾಳೆ ಬಿಡು. ಬಾಗಿಲು ತೆರೆದೇ ಇದೆಯಲ್ಲ," ಎನ್ನುತ್ತಾರೆ.

"ಚಿಲಕ ಹಾಕದೆ ಕಾಯೋದನ್ನ ಅವಳಿಗೆ ನಾನು ಕಲಿಸಿದೆ," ಎನ್ನುತ್ತಾರೆ ವಸೀಲಾ. ಒಲೆಯ ಬಾಯಿಗೆ ಮುಚ್ಚಳ ಎಳೆಯುತ್ತಾರೆ. "ಆ ಪುಸ್ತಕ ಇದ್ದ ಹಾಗೇ ಓದಿದ್ದರೆ ಎದ್ದು ಹೋಗೋದನ್ನ ಕಲಿಸ್ತಿತ್ತು."

ತೆರೆದ ಬಾಗಿಲು, ಅದರೊಳಗೆ ಕೂತ ತಾಯಿ, ಹೀಗೆ ನೇಯ್ದ ಆ ಜಮಖಾನ ಹತ್ತು ವರ್ಷ ಶೆದ್ಲಿಯಾರ ನಡುಮನೆಯ ಗೋಡೆಯಲ್ಲಿ, ಬೀದಿಬಾಗಿಲಿಗೆ ಎದುರಾಗಿ ಇತ್ತು. ಕಳೆದ ತಿಂಗಳು ರಾಜಧಾನಿಯಿಂದ ನಿಹಾಲ್ ಎಂಬ ಹುಡುಗಿ ಬಂದಳು. ಊರಿನ ಹಳೇ ಜಮಖಾನಗಳನ್ನೆಲ್ಲ ಸೇರಿಸಿ ಸಂಸ್ಕೃತಿ ಭವನದಲ್ಲಿ ಕಲಾಪ್ರದರ್ಶನ ಇಡುವುದು ಅವಳ ಯೋಜನೆ. ಶೆದ್ಲಿಯಾರ ಮನೆಯೊಳಗೆ ಕಾಲಿಟ್ಟವಳು ಗೋಡೆ ನೋಡಿ ಅಲ್ಲೇ ನಿಂತುಬಿಟ್ಟಳಂತೆ. "ಚಹಾ ತಣ್ಣಗಾಗೋವರೆಗೂ ನಿಂತಿದ್ಲು ಕಣೇ, ನಾನು ಇವಳಿಗೆ ಮೈ ಹುಷಾರಿಲ್ಲವೇನೋ ಅಂದ್ಕೊಂಡೆ," ಎನ್ನುತ್ತಾರೆ ಶೆದ್ಲಿಯಾ.

ಪ್ರದರ್ಶನಕ್ಕೆ ಮಗ್ಗದ ಮನೆಯವರೆಲ್ಲ ಹಬ್ಬದ ಬಟ್ಟೆ ಉಟ್ಟು ಹೋದರು. ಬಿಳೀ ಗೋಡೆ, ಮೇಲಿನಿಂದ ಬೆಳಕು, ಮುಂದೆ ಹಗ್ಗ. ಶೆದ್ಲಿಯಾರಿಗೆ ಮೊದಲು ಕಸಿವಿಸಿಯಾಯಿತು. ತಮ್ಮ ಜಮಖಾನ ಯಾರದೋ ಮನೆಗೆ ನೆಂಟರಾಗಿ ಹೋಗಿ ಬಿಗಿಯಾಗಿ ಕೂತ ಹಾಗೆ ಕಾಣುತ್ತಿತ್ತು. ಸುಕ್ಕು ತೆಗೆಯಲೆಂದು ಕೈ ಚಾಚಿದರೆ ಕಾವಲಿನವನು ಓಡಿ ಬಂದ.

"ಮುಟ್ಟಬಾರದು ಚಿಕ್ಕಮ್ಮಾ."

"ನಾನೇ ನೇಯ್ದಿದ್ದಪ್ಪಾ."

"ಎಲ್ಲರೂ ಹಾಗೇ ಹೇಳ್ತಾರೆ."

"ಯಾರು ಹೇಳಿದ್ರು? ಕರಿ ಅವರನ್ನ!" ಎಂದು ತುರ್ಕಿಯ್ಯಾ ಸೊಂಟಕ್ಕೆ ಕೈ ಇಟ್ಟು ನಿಂತರು. ಇಡೀ ಭವನ ತಿರುಗಿ ನೋಡಿತು. ಕಾವಲಿನವನು ಕೊನೆಗೆ ತಾನೇ ಹಗ್ಗ ಸರಿಸಿ, ತಲೆ ಕೆರೆದುಕೊಂಡು ಆಚೆ ಹೋದ.

ಆಮೇಲೆ ಶೆದ್ಲಿಯಾ ಆ ಜಾಗ ಬಿಟ್ಟು ಕದಲಲಿಲ್ಲ. ನೋಡಲು ಬಂದವರು ಒಬ್ಬೊಬ್ಬರೂ ಒಂದೊಂದು ಹೇಳುತ್ತಿದ್ದರು. ಬಣ್ಣಗಳ ಸಮತೂಕ ಎಂದರು ಕನ್ನಡಕದ ಒಬ್ಬರು. ತನ್ನ ಸತ್ತ ಅಕ್ಕನ ಮನೆ ನೆನಪಾಯಿತು ಎಂದಳು ಒಬ್ಬ ನರ್ಸ್, ಹೇಳಿ ಕಣ್ಣೊರೆಸಿಕೊಂಡು ನಾಚಿದಳು. ಹಳೇ ಗಣಿಕೆಲಸಗಾರನೊಬ್ಬ ಕೋಲೂರಿ ಬಹಳ ಹೊತ್ತು ನೋಡಿದ.

"ಬಾಗಿಲೇನೋ ತೆರೆದಿದೆ," ಎಂದ. "ಒಳಗಿರೋಳು ಯಾಕೆ ಕೂತೇ ಇದ್ದಾಳೆ?"

"ಅವಳು ತಾಯಿ," ಎಂದರು ಶೆದ್ಲಿಯಾ.

"ತಾಯಿ ಅಂದ್ಮೇಲೆ ಎದ್ದು ಹೋಗ್ಬೇಕಲ್ಲಮ್ಮಾ."

"ಇಲ್ಲ ಚಿಕ್ಕಪ್ಪಾ. ಪುಸ್ತಕದಲ್ಲಿ ಹಾಗೇ ಇದೆ. ಬಾಗಿಲು ತೆರೆದಿದ್ರೆ ಸಾಕು, ಮಗಳು ತಾನೇ ಬರ್ತಾಳೆ. ನಮ್ಮ ವಸೀಲಾ ಓದಿದ್ಲು."

ವಸೀಲಾ ಅಲ್ಲೇ ಎರಡು ಹೆಜ್ಜೆ ಹಿಂದೆ ನಿಂತಿದ್ದರು. ಜಮಖಾನದ ಕೆಳಗಿನ ಚೀಟಿಯನ್ನು ಇಶ್ರಾಕ್ ಗಟ್ಟಿಯಾಗಿ ಓದಿದಳು. ಉಣ್ಣೆ ಯಾವುದು, ಬಣ್ಣ ಯಾವುದು, ಶೆದ್ಲಿಯಾರ ಹೆಸರು, ಊರು. ಓದಿ ಹೇಳಿದವರ ಹೆಸರು ಅದರಲ್ಲಿರಲಿಲ್ಲ. ತಮ್ಮ ಹೆಸರು ಅಲ್ಲಿಲ್ಲವಲ್ಲ ಎಂದು ವಸೀಲಾರಿಗೆ ದೊಡ್ಡ ಸಮಾಧಾನವಾಯಿತು. ಮಂಜು ಮಂಜಾದ ಕಣ್ಣಿಗೆ ಜಮಖಾನ ಕೆಂಪು ಮೋಡದ ಹಾಗಿತ್ತು. ನಡುವಿನ ಕಪ್ಪು ಚೌಕ ಮಾತ್ರ ನಿಚ್ಚಳವಾಗಿ ಕಂಡಿತು, ತೆರೆದ ಬಾಗಿಲು.

"ಎಷ್ಟು ಚೆನ್ನಾಗಿ ನೇಯ್ದಿದ್ದಾಳೆ ಅಂತ ಎಲ್ಲರೂ ಹೇಳ್ತಿದ್ರು. ಹಾಗೆ ಹೇಳಿದಷ್ಟೂ ನನಗೆ ಅಲ್ಲಿಂದ ಓಡಿಹೋಗೋಣ ಅನ್ನಿಸ್ತಿತ್ತು," ಎನ್ನುತ್ತಾರೆ. "ನಾನು ಗಾಳಿಯಲ್ಲಿ ಆಡಿದ ಮಾತು. ಅವಳು ಅದನ್ನ ಉಣ್ಣೆಯಲ್ಲಿ ಮಾಡಿಟ್ಟಳು. ಇನ್ನು ಅಳಿಸೋದು ಹೇಗೆ?"

ಇಶ್ರಾಕ್ ಈಗ ಆರನೇ ತರಗತಿ. ಅಜ್ಜಿಯ ಕಣ್ಣು ಮಸುಕಾದ ಮೇಲೆ ರಜಾದಿನಗಳಲ್ಲಿ ಮಗ್ಗದ ಮನೆಯಲ್ಲಿ ಓದುವವಳು ಅವಳೇ. ದನಿ ಇನ್ನೂ ತೆಳು, ಬಾಚಣಿಗೆಯ ಏಟಿಗೆ ಸಿಕ್ಕಿ ಒಡೆಯುತ್ತದೆ. ಆದರೆ ಬರೆದದ್ದನ್ನು ಬರೆದ ಹಾಗೇ ಓದುತ್ತಾಳೆ, ಒಂದಕ್ಷರ ನುಂಗುವುದಿಲ್ಲ. "ನನಗಿಂತ ಒಳ್ಳೇ ಓದುಗಾರ್ತಿ," ಎನ್ನುವಾಗ ವಸೀಲಾ ನಗುವುದಿಲ್ಲ.

ಬಾಗಿಲಿನ ಪುಸ್ತಕದ ಕಥೆಯನ್ನು ಇಶ್ರಾಕ್ ಮಲಗುವ ಹೊತ್ತಿಗೆ ಅಜ್ಜಿಯ ಬಾಯಲ್ಲೇ ಕೇಳಿ ಬೆಳೆದವಳು. ಪ್ರದರ್ಶನ ನೋಡಿ ಬಂದ ವಾರ ಶಾಲೆಯ ಪುಸ್ತಕದ ಬೀರುವಿನಲ್ಲಿ ಅದೇ ಹುಡುಗಿ, ಅದೇ ಬೆಟ್ಟದ ಹಳ್ಳಿಯ ಕಥೆ ಕಣ್ಣಿಗೆ ಬಿದ್ದು ಕುಣಿಯುತ್ತ ಮನೆಗೆ ತಂದಳು. ರಟ್ಟಿನ ಮೇಲೆ ನೀಲಿ ಬಾಗಿಲಿನ ಚಿತ್ರ. ಮುಚ್ಚಿದ ಬಾಗಿಲು. ಅಜ್ಜಿಗೆ ಅದನ್ನು ಮುಟ್ಟಿಸಿ ಹೆಸರು ಹೇಳಿದಾಗ ಅಜ್ಜಿ, "ಒಳ್ಳೇದು," ಎಂದಷ್ಟೇ ಹೇಳಿ ಎದ್ದು ಒಲೆಯ ಬಳಿ ಹೋದರು. ನಾಲ್ಕು ದಿನ ಮೊಮ್ಮಗಳು ಓದುತ್ತ ಕೂತಿದ್ದಳು. ಐದನೆಯ ದಿನದಿಂದ ಅವಳು ಅಜ್ಜಿಯನ್ನು ನೋಡುವ ನೋಟ ಬೇರೆಯಾಯಿತು. ಬಾಯಿ ತೆರೆಯುವುದು, ಮುಚ್ಚುವುದು. ಅದು ಏನೆಂದು ವಸೀಲಾರಿಗೆ ಗೊತ್ತು. ಕೇಳಲಿ ಎಂದೂ ಆಸೆ, ಕೇಳದಿರಲಿ ಎಂದೂ ಆಸೆ.

ಕೇಳಲು ಕಾಲವೂ ಹೆಚ್ಚಿಲ್ಲ. ಸ್ಫಾಕ್ಸಿಗೆ ವ್ಯಾನು ಓಡಿಸುವ ಹಮ್ಮಾದಿ ಮೊನ್ನೆ ಮುನಿಯಾಳ ಮಾತು ತಂದಿದ್ದಾನೆ. ಗಂಡನಿಗೆ ಕಡಲಾಚೆ ಕೆಲಸ ಸಿಕ್ಕಿದೆ. ಮನೆ ಖಾಲಿ ಮಾಡುತ್ತಿದ್ದಾರೆ, ಈ ತಿಂಗಳ ಕೊನೆಗೆ ಹಡಗು. "ಅಮ್ಮ ಒಂದು ಸಲ ಬಂದು ಹೋಗಲಿ, ಮಕ್ಕಳನ್ನ ನೋಡಲಿ. ಆಣೆ ಮೀರಿ ಬಂದ ನನಗೆ ಆ ಹೊಸ್ತಿಲಿಗೆ ಬರೋ ಮುಖ ಇಲ್ಲ," ಎಂದು ಹೇಳಿಕಳಿಸಿದ್ದಾಳೆ. ಹಮ್ಮಾದಿ ತನ್ನ ವ್ಯಾನಿನ ಮುಂದಿನ ಸೀಟನ್ನು ಶೆದ್ಲಿಯಾರಿಗೆಂದೇ ಬಿಟ್ಟಿದ್ದಾನೆ. ನಾಳೆ ಬೆಳಿಗ್ಗೆ ಮತ್ತೆ ಹೋಗುವವನಿದ್ದಾನೆ. ಶೆದ್ಲಿಯಾ ಕೇಳಿಸಿಕೊಂಡು ನಕ್ಕಿದ್ದಾರೆ.

"ಹೋಗೋಕೆ ಮುಂಚೆ ಬಂದೇ ಬರ್ತಾಳೆ. ತಾಯಿ ಮುಖ ನೋಡದೆ ಯಾರು ಕಡಲು ದಾಟ್ತಾರೆ? ನೋಡ್ತಾ ಇರು ವಸೀಲಾ, ಒಂದು ಬೆಳಿಗ್ಗೆ ನನ್ನ ಒಲೆ ಮುಂದೆ ಕೂತು ರೊಟ್ಟಿ ಕೇಳ್ತಾಳೆ."

ಮಗ್ಗದ ಮನೆಯಲ್ಲಿ ಬಿಸಿಲು ಕಿಟಕಿಯಿಂದಿಳಿದು ನೆಲದ ನಡುವಿಗೆ ಬಂದಿದೆ. ಜಮಖಾನ ಪೂರ್ತಿಯಾಗಿದೆ, ಮೇಲೆ ಒಂದು ಗೇಣು ಬರೀ ಹಾಸು ಉಳಿದಿದೆ. ಪ್ರದರ್ಶನದಿಂದ ನಿನ್ನೆ ಸಂಜೆ ವಾಪಸು ಬಂದ ಬಾಗಿಲಿನ ಜಮಖಾನವನ್ನೂ ಶೆದ್ಲಿಯಾ ಸುರುಳಿ ಸುತ್ತಿ ತಂದು ಗೋಡೆಗೆ ಒರಗಿಸಿದ್ದಾರೆ. ಓದುವಾಗ ಅದೂ ಕೇಳಿಸಿಕೊಳ್ಳಲಿ ಎಂದಂತೆ. ನೀರಿನ ಬಟ್ಟಲು, ಚಾಕು, ತಟ್ಟೆ ತುಂಬ ಖರ್ಜೂರ.

ವಸೀಲಾ ಕೊನೆಯ ಪ್ರಯತ್ನ ಮಾಡುತ್ತಾರೆ. "ಇವತ್ತು ಇಳಿಸೋ ದಿನ ಕಣ್ರೇ. ಆ ಪುಸ್ತಕ ಬೇಡ. ಇನ್ನೊಂದು ದಿನ ಓದಿಸ್ತೀನಿ."

"ಇಳಿಸೋ ದಿನಕ್ಕೆ ಅದಕ್ಕಿಂತ ಶುಭದ ಪುಸ್ತಕ ಯಾವುದಿದೆ ಹೇಳು!" ಎನ್ನುತ್ತಾರೆ ತುರ್ಕಿಯ್ಯಾ. "ನೀನು ಓದಿರೋ ಪುಸ್ತಕದಲ್ಲೆಲ್ಲ ಯಾರಿಗಾದರೂ ಆಗಬಾರದ್ದು ಆಗೇ ಆಗುತ್ತೆ. ಅದೊಂದರಲ್ಲೇ ಎಲ್ಲರೂ ಉಳಿಯೋದು. ಅದನ್ನೂ ಓದಿಸಲ್ಲ ಅಂತೀಯಲ್ಲ, ಜಿಪುಣಿ."

ಎಲ್ಲರೂ ನಗುತ್ತಾರೆ. ವಸೀಲಾ ಮಣೆಯನ್ನು ಮೊಮ್ಮಗಳಿಗೆ ಬಿಟ್ಟು ಅದರ ಪಕ್ಕ ನೆಲಕ್ಕೆ ಕೂರುತ್ತಾರೆ.

ಬೆಳಿಗ್ಗೆ ಒಲೆಯ ಮುಂದೆ, ಶೆದ್ಲಿಯಾ ಹೋದ ಮೇಲೆ, ನಿಮ್ಮ ಆಸೆ ಏನು ಎಂದು ನಾನು ಕೇಳಿದ್ದಕ್ಕೆ ಅವರು ಕಣ್ಣಿನ ಆಪರೇಷನ್ ಎನ್ನಲಿಲ್ಲ. ಮೆಕ್ಕಾ ಎನ್ನಲಿಲ್ಲ. "ಒಂದೇ ಒಂದು ಪುಸ್ತಕ," ಎಂದರು. "ಮೊದಲಿನಿಂದ ಕೊನೇವರೆಗೆ, ಇರೋ ಹಾಗೇ ಓದಿ ಮುಗಿಸ್ಬೇಕು. ಅಷ್ಟೇ. ಅದಕ್ಕೆ ಈಗ ನನಗೆ ಕಣ್ಣಿಲ್ಲ. ಕಣ್ಣಿದ್ದಾಗ ಧೈರ್ಯ ಇರಲಿಲ್ಲ."

ಇಶ್ರಾಕ್ ಅಜ್ಜಿಯ ಮಣೆಯ ಮೇಲೆ ಕೂತು, ಶಾಲೆಯ ಚೀಲದಿಂದ ಪುಸ್ತಕ ತೆಗೆದು, ಕೊನೆಯ ಅಧ್ಯಾಯ ಬಿಚ್ಚುತ್ತಾಳೆ. ಓದಲು ತೊಡಗುತ್ತಾಳೆ. ಬೆಟ್ಟದ ಹಳ್ಳಿ. ಗಾಳಿ. ಬಾಗಿಲ ಹಿಂದೆ ಕೂತ ತಾಯಿ. ಹೆಂಗಸರ ತುಟಿಗಳು ಅವಳ ಜೊತೆ ಅಲ್ಲಾಡುತ್ತವೆ, ಕಥೆ ಎಲ್ಲರಿಗೂ ಬಾಯಿಪಾಠ. ಬಂದರಿನ ಊರು, ಮಗಳ ಜ್ವರ. ಅಮ್ಮ ಒಂದು ಸಲ ಬಂದು ಕರೆದರೆ ಸಾಕು ಎಂಬ ಮಾತು ಬಂದಾಗ ಶೆದ್ಲಿಯಾ ಬಟ್ಟಲು ಕೈಗೆತ್ತಿಕೊಂಡು ಮಗ್ಗದ ಹತ್ತಿರ ಹೋಗಿ ನಿಲ್ಲುತ್ತಾರೆ. ಇನ್ನೇನು ಮಗಳು ಬರುವ ಹೊತ್ತು. ಅವರ ಮುಖದ ಮೇಲೆ ಆಗಲೇ ನಗು ಬಂದಿದೆ.

ಇಶ್ರಾಕಳ ದನಿ ನಿಲ್ಲುತ್ತದೆ.

ಅವಳು ಹಾಳೆ ತಿರುವುವುದಿಲ್ಲ. ಹೆಂಗಸರು ಕಾಯುತ್ತಾರೆ. "ಏನಾಯ್ತೇ, ಗಂಟಲು ಒಣಗಿತಾ? ನೀರು ಕೊಡ್ರೇ ಮಗೂಗೆ," ಎನ್ನುತ್ತಾರೆ ತುರ್ಕಿಯ್ಯಾ. ಹುಡುಗಿ ನೀರು ಬೇಡವೆಂದು ತಲೆಯಾಡಿಸುತ್ತಾಳೆ. ಅವಳು ನೋಡುತ್ತಿರುವುದು ಬಟ್ಟಲು ಹಿಡಿದು ನಿಂತ ಶೆದ್ಲಿಯಾರನ್ನು. ಆಮೇಲೆ ಗೋಡೆಗೆ ಒರಗಿದ ಸುರುಳಿಯನ್ನು.

ವಸೀಲಾರಿಗೆ ಮೊಮ್ಮಗಳ ಮುಖ ಕಾಣುವುದಿಲ್ಲ. ಅವಳು ತಮ್ಮ ಕಡೆ ತಿರುಗಿದ್ದಾಳೆಂದು ಮಾತ್ರ ಉಸಿರಿನಲ್ಲಿ ತಿಳಿಯುತ್ತದೆ. ಮಣೆಯ ಮೇಲೆ ತಡವಿ ಅವಳ ಮೊಣಕಾಲು ಹುಡುಕಿ, ಅದರ ಮೇಲೆ ಕೈ ಇಡುತ್ತಾರೆ. ಸುಮ್ಮನಿರು ಎಂದು ಅದುಮಬಹುದಿತ್ತು. ಅದುಮುವುದಿಲ್ಲ.

"ಅಜ್ಜಿ," ಎನ್ನುತ್ತಾಳೆ ಇಶ್ರಾಕ್, ಇಡೀ ಕೋಣೆಗೆ ಕೇಳುವಂತೆ. "ಇಲ್ಲಿ ಬರೆದಿರೋದನ್ನ ಓದ್ಲಾ, ನೀನು ಹೇಳಿದ್ದನ್ನ ಓದ್ಲಾ?"